ಮಂಡಿಯೂರಿ ಆಡುವ ಆಟ

ಟೆನಿಸ್ ಆಡಿಸುವ, ಬೌಲಿಂಗ್ ಮಾಡಿಸುವ, ಕುಣಿಸುವ ವಿಡಿಯೊ ಗೇಮ್‌ಗಳಲ್ಲಿ ಆಟಗಾರ ಟಿವಿ ಮುಂದೆ ನೆಟ್ಟಗೆ ನಿಂತಿರುತ್ತಾನೆ. ಪ್ರಥಮ ಚಿಕಿತ್ಸೆ ನಡೆಯುವುದು ನೆಲದ ಮೇಲೆ. ಕುಸಿದು ಬಿದ್ದವರ ಪಕ್ಕದಲ್ಲಿ ಮಂಡಿಯೂರಬೇಕು, ಮುಂದಕ್ಕೆ ಬಾಗಬೇಕು, ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು ಬೆರಳು ಹೆಣೆದು ಎದೆಯ ನಟ್ಟನಡುವೆ ಒತ್ತಬೇಕು. ಚಲನೆ ಗುರುತಿಸುವ ಕ್ಯಾಮೆರಾಗೆ ಗೊಂದಲ ಶುರುವಾಗುವುದೇ ಆಗ. ಕಾಲುಗಳು ಮೈಯ ಹಿಂದೆ ಮರೆಯಾಗುತ್ತವೆ, ಎರಡು ಕೈ ಸೇರಿ ಒಂದಾಗುತ್ತವೆ, ಬಾಗಿದ ತಲೆ ಕತ್ತನ್ನು ಮುಚ್ಚುತ್ತದೆ. ಪರದೆಯ ಮೇಲೆ ಆಟಗಾರನನ್ನು ತೋರಿಸುವ ಗೆರೆಗಳ ಅಸ್ಥಿಪಂಜರ ನಡುಗತೊಡಗುತ್ತದೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಪ್ರಥಮ ಚಿಕಿತ್ಸೆ ಕಲಿಸುವ ಆಟ ಕಟ್ಟಲು ಹೊರಟವರು ಮೊದಲು ಮುಗ್ಗರಿಸುವ ಕಲ್ಲು ಇದು.

ಇದು ಯಂತ್ರದ ದಡ್ಡತನವಲ್ಲ, ಅದಕ್ಕೆ ಕಲಿಸಿದ ಪಾಠವೇ ಹಾಗಿತ್ತು. ಮೈಕ್ರೋಸಾಫ್ಟ್ ಕಂಪನಿ 2010ರ ನವೆಂಬರಿನಲ್ಲಿ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ಜೋಡಿಸುವ ಕೈನೆಕ್ಟ್ ಸಾಧನವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಕಣ್ಣಿನ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. ನಮಗೆ ಕಾಣದ ಅವಕೆಂಪು ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಯಾವ ವಸ್ತುವಿನ ಮೇಲೆ ಹೇಗೆ ಬಿದ್ದಿವೆ ಎಂಬುದರಿಂದ ದೂರವನ್ನು ಅದು ಲೆಕ್ಕ ಹಾಕುತ್ತಿತ್ತು. ಹಾಗೆ ಸೆಕೆಂಡಿಗೆ 30 ಚಿತ್ರ, ಒಂದೊಂದರಲ್ಲೂ ಆಟಗಾರನ 20 ಕೀಲುಗಳು. ಯಾವುದು ಭುಜ, ಯಾವುದು ಮೊಣಕೈ ಎಂದು ತಿಳಿಯುವ ಬಗೆಯನ್ನು ಜೇಮಿ ಶಾಟನ್ ಮತ್ತು ಸಂಗಡಿಗರು 2011ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಕಂಪ್ಯೂಟರಿನಲ್ಲೇ ತಯಾರಿಸಿದ ಹತ್ತು ಲಕ್ಷ ದೇಹಚಿತ್ರಗಳನ್ನು ಸಾವಿರ ಕೋರ್‌ಗಳ ಗಣಕಗುಚ್ಛಕ್ಕೆ ಉಣಿಸಿದರೆ ತರಬೇತಿ ಸುಮಾರು ಒಂದು ದಿನದಲ್ಲಿ ಮುಗಿಯುತ್ತಿತ್ತಂತೆ. ಆ ಚಿತ್ರಗಳ ಹಿಂದಿದ್ದ ಚಲನೆಗಳಾದರೂ ಯಾವುವು? ಓಟ, ಕುಣಿತ, ಒದೆತ, ಕಾರು ಓಡಿಸುವುದು, ಪರದೆಯ ಮೆನು ಆರಿಸುವುದು, ಇಂಥವು. ಬೈಠಕ್‌ಖಾನೆಯ ಮನರಂಜನೆಗೆ ಬೇಕಾದದ್ದನ್ನು ಆ ಕಣ್ಣು ಚೆನ್ನಾಗಿ ಕಲಿತಿತ್ತು.

ಆಟದ ವಿನ್ಯಾಸಕಾರರ ಮುಂದೆ ಆಗ ಎರಡು ದಾರಿ. ಕ್ಯಾಮೆರಾಗೆ ಸಲೀಸಾಗಿ ಕಾಣುವುದನ್ನು ಮಾತ್ರ ಕಲಿಸಿ ಅದನ್ನೇ ಪ್ರಥಮ ಚಿಕಿತ್ಸೆ ಎಂದು ಕರೆಯುವುದು ಒಂದು. ಕಲಿಸಬೇಕಾದದ್ದು ಏನೆಂದು ಮೊದಲು ತೀರ್ಮಾನಿಸಿ, ಅದರಲ್ಲಿ ಕ್ಯಾಮೆರಾ ಎಷ್ಟು ನೆರವಾದೀತು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಆಮೇಲೆ ನೋಡುವುದು ಇನ್ನೊಂದು. ಮೊದಲನೆಯದು ಸುಲಭ, ನೋಡಲೂ ಚೆಂದ, ಪ್ರದರ್ಶನದಲ್ಲಿ ಚಪ್ಪಾಳೆಯೂ ಖಾತ್ರಿ. ಎರಡನೆಯದೇ ಸರಿ ಎಂಬುದು ಈ ಲೇಖನದ ವಾದ.

ಬೊಂಬೆ ಮಾಡುವವನ ಕೊಡುಗೆ

ಜೀವ ಉಳಿಸುವ ವಿದ್ಯೆಗೂ ಆಟಿಕೆಗೂ ನಂಟು ಹೊಸದೇನಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಎಂಬ ಮೂವರು, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ನಿಂತ ಹೃದಯದಿಂದ ರಕ್ತ ಹರಿಸಬಹುದು ಎಂದು 1960ರಲ್ಲಿ ಪ್ರಕಟಿಸಿದರು. ಬಾಯಿಂದ ಬಾಯಿಗೆ ಉಸಿರು ಕೊಡುವ ಕ್ರಮವನ್ನು ಪೀಟರ್ ಸಫಾರ್ ಅಷ್ಟರಲ್ಲಿ ಸಾಧಿಸಿ ತೋರಿಸಿದ್ದರು. ವಿದ್ಯೆ ಸಿದ್ಧವಾಗಿತ್ತು. ಕಲಿಯುವುದು ಯಾರ ಮೇಲೆ? ಜೀವಂತ ಮನುಷ್ಯನ ಎದೆಯನ್ನು ಅಭ್ಯಾಸಕ್ಕೆಂದು ಒತ್ತಿದರೆ ಪಕ್ಕೆಲುಬು ಮುರಿದೀತು.

ಉತ್ತರ ಬಂದದ್ದು ನಾರ್ವೆಯ ಸ್ಟಾವಾಂಗರ್ ಊರಿನ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಅವರಿಂದ. ಮರದ ಆಟಿಕೆಗಳಿಂದ ಶುರುಮಾಡಿ ಮೆದು ಪ್ಲಾಸ್ಟಿಕ್ಕಿನ ಬೊಂಬೆಗಳಿಗೆ ಬಂದಿದ್ದ ಮನುಷ್ಯ ಅವರು. ನೀರಿನಲ್ಲಿ ಮುಳುಗುತ್ತಿದ್ದ ತಮ್ಮ ಎರಡು ವರ್ಷದ ಮಗನನ್ನು ಎತ್ತಿ, ಶ್ವಾಸನಾಳದಿಂದ ನೀರು ಹೊರಬರಿಸಿ ಉಳಿಸಿಕೊಂಡಿದ್ದರು. ಮನುಷ್ಯಾಕಾರದ ತರಬೇತಿ ಬೊಂಬೆಯನ್ನು ಅವರು 1960ರಲ್ಲಿ ಹೊರತಂದರು. ಅದರ ಎದೆಯೊಳಗೆ ಸ್ಪ್ರಿಂಗ್ ಕೂರಿಸಿ, ಒತ್ತುವ ಅಭ್ಯಾಸಕ್ಕೂ ಒದಗುವಂತೆ ಮಾಡಿ ಎಂದು ಸಲಹೆ ಕೊಟ್ಟದ್ದು ಸಫಾರ್. ಮುಖಕ್ಕೆ ಮಾದರಿಯಾದದ್ದು ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಸಿಕ್ಕ ಅನಾಮಿಕ ಯುವತಿಯದೆಂದು ಪ್ರಸಿದ್ಧವಾಗಿದ್ದ ಒಂದು ಮುಖವಾಡ. ‘ರೆಸುಸಿ ಆ್ಯನ್’ ಎಂಬ ಹೆಸರಿನ ಆ ಬೊಂಬೆಯ ಪೀಳಿಗೆ ಇವತ್ತಿಗೂ ತರಬೇತಿ ಕೊಠಡಿಗಳಲ್ಲಿ ಅಂಗಾತ ಮಲಗಿದೆ.

ಆ ಬೊಂಬೆಯ ಸ್ಪ್ರಿಂಗ್ ಕಲಿಸುವ ಒಂದು ಸಂಗತಿಯನ್ನು ಯಾವ ಪರದೆಯೂ ಕಲಿಸಲಾರದು. ಅದು ಎದುರೊತ್ತು. ವಯಸ್ಕನ ಎದೆ 5 ಸೆಂಟಿಮೀಟರ್ ಕೆಳಗಿಳಿಯಬೇಕಾದರೆ ಬರೀ ತೋಳಿನ ಬಲ ಸಾಲದು, ಸೊಂಟದಿಂದ ಮೇಲಿನ ಮೈಭಾರವನ್ನೆಲ್ಲ ಇಳಿಬಿಡಬೇಕು. ಗಾಳಿಯಲ್ಲಿ ಕೈ ಆಡಿಸಿದವನಿಗೆ ಈ ಅಂದಾಜು ಬರುವುದೇ ಇಲ್ಲ. ಎರಡು ನಿಮಿಷಕ್ಕೇ ತೋಳು ಸೋತು ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು ಎಂಬ ನಿಯಮವಿದೆ. ಅದರ ಅರ್ಥವೂ ಗಾಳಿಯಲ್ಲಿ ಆಡಿದವನಿಗೆ ಆಗುವುದಿಲ್ಲ.

ಹಾಗಿದ್ದೂ ಚಲನೆಯ ಆಟದ ಆಸೆ ಹುಟ್ಟಿದ್ದೇಕೆ? ಬೊಂಬೆ ದುಬಾರಿ, ತರಬೇತುದಾರರು ಕಡಿಮೆ. ಕಲಿತದ್ದು ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ. ಮನೆಯಲ್ಲಿ ಹೇಗೂ ಇರುವ ಆಟದ ಸಾಧನ ಆಗಾಗ ನೆನಪು ಮಾಡಿಸಿಕೊಟ್ಟರೆ ಅಷ್ಟೇ ಲಾಭ. ನಿಂಟೆಂಡೊ 2006ರಲ್ಲಿ ತಂದ ವೀ ಯಂತ್ರ ಒಟ್ಟು 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ರಿಮೋಟಿನೊಳಗೆ ವೇಗೋತ್ಕರ್ಷ ಅಳೆಯುವ ಸಂವೇದಕ ಇತ್ತು. ಅದನ್ನು ಅಂಗೈಯಲ್ಲಿ ಹಿಡಿದು ಎದೆ ಒತ್ತುವುದನ್ನು ಕಲಿಸಬಹುದಲ್ಲ ಎಂದು ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ತಂಡವೊಂದು ಹೊರಟಿತು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2009ರಲ್ಲಿ 50,000 ಡಾಲರ್ ನೆರವು ಘೋಷಿಸಿತು. ಕೈನೆಕ್ಟ್ ಬಂದಾಗಲಂತೂ ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. ಸಂಶೋಧಕರ ಕಣ್ಣು ಅದರ ಮೇಲೆ ಬಿತ್ತು.

ಇಟಲಿಯ ಬೊಲೋನ್ಯಾದ ವೈದ್ಯ ಫೆಡೆರಿಕೊ ಸೆಮೆರಾರೊ ಮತ್ತು ಸಂಗಡಿಗರ ಕೆಲಸ ಈ ದಾರಿಯಲ್ಲಿ ಮುಖ್ಯವಾದದ್ದು. ಅವರ ‘ಮಿನಿ-ವ್ರೆಮ್’ ವ್ಯವಸ್ಥೆ ಬೊಂಬೆಯನ್ನು ತೆಗೆದುಹಾಕಲಿಲ್ಲ. ಬೊಂಬೆಯ ಎದೆ ಒತ್ತುವವನ ಚಲನೆಯನ್ನು ಕೈನೆಕ್ಟ್ ನೋಡಿ, ವೇಗ ಸರಿಯಿದೆಯೇ, ಆಳ ಸಾಕೇ ಎಂದು ಅಲ್ಲಲ್ಲೇ ಹೇಳುತ್ತಿತ್ತು. 2013ರಲ್ಲಿ ಪ್ರಕಟವಾದ ಅವರ ಪ್ರಾಯೋಗಿಕ ಅಧ್ಯಯನದಲ್ಲಿ, ಹಾಗೆ ಹೇಳುತ್ತಿದ್ದಾಗ ವೇಗ ಮತ್ತು ಆಳ ಎರಡೂ ಸುಧಾರಿಸಿದವು. ಅದೇ ಬಳಗದಿಂದ ಬಂದ ‘ರಿಲಿವ್’ ಪೂರ್ಣ ಪ್ರಮಾಣದ ಆಟ. ಕಥೆ ನಡೆಯುವುದು ಮಂಗಳ ಗ್ರಹದಲ್ಲಿ! ಶಾಲೆಯ ಪಾಠದಂತೆ ಕಾಣದಿರಲಿ ಎಂದು ಹುಡುಗರನ್ನು ಅಷ್ಟು ದೂರ ಕರೆದೊಯ್ದಿರಬೇಕು. ನನಗೆ ಈ ಆಯ್ಕೆ ಅರೆಮನಸ್ಸಿನಿಂದ ಮಾತ್ರ ಒಪ್ಪಿಗೆ. ಹೃದಯ ನಿಲ್ಲುವುದು ಹೆಚ್ಚಾಗಿ ಮನೆಯಲ್ಲಿ, ನಮ್ಮವರ ಎದುರಿನಲ್ಲಿ. ಮಂಗಳದಲ್ಲಿ ಕಲಿತ ಕೈ ಅಡುಗೆಮನೆಯಲ್ಲಿ ತಡವರಿಸದೆ ಇದ್ದೀತೇ?

ಬ್ರಿಟನ್ನಿನ ರೆಸಸಿಟೇಷನ್ ಕೌನ್ಸಿಲ್ 2013ರಲ್ಲಿ ತಂದ ‘ಲೈಫ್‌ಸೇವರ್’ ಹಿಡಿದ ದಾರಿ ಬೇರೆ. ಮಾರ್ಟಿನ್ ಪರ್ಸಿ ನಿರ್ದೇಶಿಸಿದ ಅದು ನಿಜವಾದ ನಟರಿರುವ ಸಿನಿಮಾ, ನಡುನಡುವೆ ನಿಂತು ‘ಈಗೇನು ಮಾಡುತ್ತೀರಿ?’ ಎಂದು ಕೇಳುತ್ತದೆ. ಎದೆ ಒತ್ತುವ ಹಂತದಲ್ಲಿ ಫೋನನ್ನೋ ಟ್ಯಾಬ್ಲೆಟ್ಟನ್ನೋ ಹಿಡಿದು ಅದೇ ತಾಳದಲ್ಲಿ ಆಡಿಸಬೇಕು. ಬ್ರಿಟನ್ನಿನ ಶಾಲೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದನ್ನು ಮಾತ್ರ ಆಡಿದವರು, ಎದುರುಬದುರು ತರಬೇತಿ ಮಾತ್ರ ಪಡೆದವರು, ಎರಡೂ ಸಿಕ್ಕವರು ಎಂಬ ಮೂರು ಗುಂಪುಗಳನ್ನು ಹೋಲಿಸಿತು. ಹಲವು ಹಂತಗಳಲ್ಲಿ ಆಟ ಮಾತ್ರ ಆಡಿದವರೂ ಹಿಂದೆ ಬೀಳಲಿಲ್ಲ. ಆದರೆ ನಿಜವಾದ ಪ್ರಯೋಜನ ಇರುವುದು ಎರಡನ್ನೂ ಜೋಡಿಸಿದಾಗ ಎಂಬುದೇ ಸಂಶೋಧಕರ ತೀರ್ಮಾನ. ಆಟ ತಯಾರಿಸುವ ಪ್ರತಿಯೊಬ್ಬರೂ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಅಳೆಯಲು ಆಗುವುದು, ಆಗದಿರುವುದು

ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ನಡುವೆ ಆದಷ್ಟು ನಿಲ್ಲಿಸಬಾರದು. ಎದೆ ಒತ್ತಿ, ಉಸಿರು ಕೊಟ್ಟು ಜೀವ ಹಿಡಿದಿಡುವ ಕ್ರಮಕ್ಕೆ, ಅಂದರೆ ಸಿಪಿಆರ್‌ಗೆ, ವಯಸ್ಕರ ವಿಷಯದಲ್ಲಿ ಜಗತ್ತು ಒಪ್ಪಿರುವ ಅಳತೆ ಇದು. ತರಬೇತಿಯಿಲ್ಲದ ಸಾಮಾನ್ಯರು ಉಸಿರು ಕೊಡುವ ಗೋಜಿಗೆ ಹೋಗದೆ ಎದೆ ಒತ್ತುತ್ತಲೇ ಇರಲಿ ಎಂದು ನಮ್ಮ ದೇಶದ ಅರಿವಳಿಕೆ ತಜ್ಞರು ರೂಪಿಸಿದ ‘ಕೋಲ್ಸ್’ ಕ್ರಮವೂ ಹೇಳುತ್ತದೆ.

ಇವುಗಳಲ್ಲಿ ವೇಗ ಹಿಡಿಯುವುದು ಯಂತ್ರಕ್ಕೆ ನೀರು ಕುಡಿದಷ್ಟು ಸುಲಭ. ನಿಮಿಷಕ್ಕೆ 120 ಎಂದರೆ ಸೆಕೆಂಡಿಗೆ 2, ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಗೆ ಒಂದೊಂದು ಒತ್ತಿಗೆ 15 ಚಿತ್ರ ಸಿಗುತ್ತವೆ. ಮೊಣಕೈ ಮಡಿದಿದೆಯೇ ಎಂಬುದೂ ಭುಜ, ಮೊಣಕೈ, ಮಣಿಕಟ್ಟು ಮೂರರ ನಡುವಿನ ಕೋನದಿಂದ ತಿಳಿಯುತ್ತದೆ. ಆಳದ ವಿಷಯ ಬಂದಾಗ ಮಾತ್ರ ಯಂತ್ರ ತಿಣುಕುತ್ತದೆ. ಹೆಣೆದ ಕೈಗಳ ಸ್ಥಾನವೇ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಕುಣಿಯುತ್ತಿದ್ದರೆ 4 ಯಾವುದು, 5 ಯಾವುದು? ಫೋನಿನ ಸಂವೇದಕದ ಪಾಡು ಇನ್ನೂ ವಿಚಿತ್ರ. ಅದು ಅಳೆಯುವುದು ವೇಗೋತ್ಕರ್ಷವನ್ನು. ಅದನ್ನು ಎರಡು ಸಲ ಅನುಕಲಿಸಿದರೆ ದೂರ ಬರಬೇಕು. ಆದರೆ ಮೊದಲ ಸಲದ ಸಣ್ಣ ತಪ್ಪು ಎರಡನೆಯ ಸಲಕ್ಕೆ ಬೆಳೆದು, ಕೆಲವೇ ಸೆಕೆಂಡಿನಲ್ಲಿ ಆಟಗಾರನ ಕೈ ನೆಲದೊಳಗೆ ಹೂತುಹೋಗಿದೆ ಎಂದು ಲೆಕ್ಕ ಹೇಳುತ್ತದೆ. ಪ್ರತಿ ಒತ್ತಿನ ಕೊನೆಗೆ ಕೈ ಕ್ಷಣ ನಿಂತಿತು ಎಂದು ಭಾವಿಸಿ ಲೆಕ್ಕವನ್ನು ಸೊನ್ನೆಗೆ ತರುವುದು ರೂಢಿಯ ಉಪಾಯ. ಎದೆ ಪೂರ್ತಿ ಮೇಲೇಳಲು ಬಿಡದವನು ಈ ಉಪಾಯಕ್ಕೂ ಮಣ್ಣೆರಚುತ್ತಾನೆ. ಹಿಡಿಯಬೇಕಾದ ತಪ್ಪೇ ಅದು!

ಇಂಥಲ್ಲಿ ಪ್ರಾಮಾಣಿಕ ಆಟ ಏನು ಮಾಡಬೇಕು? ‘ಆಳ: 5.2 ಸೆಂ.ಮೀ.’ ಎಂದು ಬಿಂದುವಿನಾಚೆಯ ಅಂಕಿ ತೋರಿಸಿ ಬೀಗಬಾರದು. ‘ಸಾಲದು’, ‘ಸರಿ’ ಎಂದಷ್ಟೇ ಹೇಳಿದರೆ ಸಾಕು. ಗಟ್ಟಿಯಾಗಿ ಸುತ್ತಿ ಹಗ್ಗ ಬಿಗಿದ ಜಮಖಾನವನ್ನೋ ಬಟ್ಟೆ ತುಂಬಿದ ಶಾಲೆಯ ಚೀಲವನ್ನೋ ನೆಲದ ಮೇಲಿಟ್ಟು ಅದನ್ನು ಒತ್ತಲು ಹೇಳಬೇಕು. ಗಾಳಿಗಿಂತ ಅದು ಎಷ್ಟೋ ಮೇಲು. ಪಕ್ಕದಲ್ಲಿ ಒಂದು ಎ4 ಹಾಳೆ ಇಡಿಸಿದರೆ, ಅದರ 29.7 ಸೆಂಟಿಮೀಟರ್ ಉದ್ದವೇ ಕ್ಯಾಮೆರಾಗೆ ಅಳತೆಗೋಲಾಗುತ್ತದೆ.

ಹಲವು ವಿನ್ಯಾಸಕಾರರು ಗಮನಿಸದ ಇನ್ನೊಂದು ಬಲೆ ಪರದೆಯೇ. ಹಸಿರು ಪಟ್ಟಿ ಏರುವುದನ್ನೇ ನೋಡುತ್ತ ಒತ್ತಲು ಕಲಿತವನ ಕಣ್ಣು ಬಿದ್ದವನ ಮುಖದ ಮೇಲಿರುವುದಿಲ್ಲ. ನಿಜದ ಹೊತ್ತಿನಲ್ಲಿ ಹಸಿರು ಪಟ್ಟಿ ಇರುವುದೂ ಇಲ್ಲ. ಆದ್ದರಿಂದ ಈ ಆಟವನ್ನು ಕಣ್ಣಿಗಿಂತ ಕಿವಿ ನಡೆಸಬೇಕು. ಮೊದಮೊದಲು ತಾಳದ ಸದ್ದು, ಮೇಲೊಂದು ಮಾತಿನ ಎಚ್ಚರಿಕೆ. ಸುತ್ತು ಮುಂದುವರಿದಂತೆ ಸದ್ದು ಕ್ಷೀಣವಾಗಿ, ಕಡೆಗೆ ಆಟಗಾರ ತನ್ನ ಎಣಿಕೆಯ ಮೇಲೆಯೇ ನಿಲ್ಲುವಂತಾಗಬೇಕು. ಎಣಿಕೆ ಎಂದೆನಲ್ಲ, ಕನ್ನಡದಲ್ಲಿ ಈ ಆಟ ಮಾಡುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಿಮಿಷಕ್ಕೆ 110ರ ವೇಗದಲ್ಲಿ ಒಂದು ಒತ್ತಿಗೆ ಸಿಗುವುದು ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ‘ಇಪ್ಪತ್ತಮೂರು, ಇಪ್ಪತ್ತನಾಲ್ಕು’ ಎಂದು ಬಾಯ್ತುಂಬ ಎಣಿಸುತ್ತ ಹೋದರೆ ನಾಲಿಗೆ ಹಿಂದೆ ಬಿದ್ದು ಕೈಯನ್ನೂ ಹಿಂದಕ್ಕೆಳೆಯುತ್ತದೆ. ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡುವುದೇ ಒಳ್ಳೆಯದು. ಇಂಗ್ಲಿಷ್ ಆಟದ ಧ್ವನಿಯನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಇದು ಯಾರಿಗೂ ಹೊಳೆಯುವುದಿಲ್ಲ.

ಉಸಿರಿನ ಮಾತಂತೂ ಬೇರೆಯೇ. ಹೃದಯ ನಿಂತವರಲ್ಲಿ ಹಲವರು ಮೊದಲ ನಿಮಿಷಗಳಲ್ಲಿ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುತ್ತಾರೆ, ಗೊರಗುಟ್ಟುತ್ತಾರೆ. ಅದನ್ನು ಉಸಿರಾಟ ಎಂದುಕೊಂಡು ಕೈಕಟ್ಟಿ ನಿಲ್ಲುವವರು ಅನೇಕರು. ಆಟಗಾರನ ಯಾವ ಚಲನೆಯನ್ನು ಅಳೆದರೂ ಈ ತಿಳಿವಳಿಕೆ ಬಂದಿದೆಯೋ ಇಲ್ಲವೋ ಗೊತ್ತಾಗದು. ಆದರೆ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು, ಕೇಳಿಸಲು ಪರದೆಗಿಂತ ಒಳ್ಳೆಯ ಸಾಧನವಿಲ್ಲ. ಪ್ಲಾಸ್ಟಿಕ್ ಬೊಂಬೆ ಏದುವುದಿಲ್ಲ.

ಅಲುಗಾಡದಿರುವುದಕ್ಕೂ ಅಂಕ

ಪ್ರಥಮ ಚಿಕಿತ್ಸೆ ಎಂದರೆ ಸಿಪಿಆರ್ ಒಂದೇ ಅಲ್ಲ. ಚಲನೆಯ ಆಟಗಳು ಅದೊಂದಕ್ಕೇ ಜೋತುಬೀಳುವುದು ಕ್ಯಾಮೆರಾಗೆ ಅದು ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ. ನಮ್ಮ ಹೊಲ, ತೋಟ, ಅಡುಗೆಮನೆಗಳ ಅಪಾಯಗಳಲ್ಲಿ ಅನೇಕ ಸಲ ಮಾಡಬೇಕಾದ ಕೆಲಸಕ್ಕಿಂತ ಮಾಡಬಾರದ ಕೆಲಸವೇ ಹೆಚ್ಚು.

ಹಾವು ಕಚ್ಚಿದ್ದನ್ನೇ ನೋಡಿ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸತ್ತರು ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಗರಹಾವಿರಲಿ, ಕೊಳಕುಮಂಡಲವಿರಲಿ, ನೆರವು ಒಂದೇ. ಕಚ್ಚಿಸಿಕೊಂಡವರನ್ನು ನಡೆಸಬಾರದು, ಓಡಿಸಬಾರದು, ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಪಟ್ಟಿಯ ಆಸರೆಯಲ್ಲಿಟ್ಟು ಆಸ್ಪತ್ರೆಗೆ ಸಾಗಿಸಬೇಕು. ಬ್ಲೇಡಿನಿಂದ ಗೀರಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು. ಚಲನೆಯ ಆಟದಲ್ಲಿ ಇದಕ್ಕಿಂತ ಸೊಗಸಾದ ಸುತ್ತು ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ಆಟಗಾರನೇ ಕಚ್ಚಿಸಿಕೊಂಡವನು. ಪರದೆಯ ಮೇಲೆ ಎಲ್ಲರೂ ಅರಚುತ್ತಿದ್ದಾರೆ, ಓಡು ಎನ್ನುತ್ತಿದ್ದಾರೆ. ಅವನ ಕಾಲು ಅಲುಗಿತೋ, ಅಂಕ ಇಳಿಯಿತು. ಮೈ ಕುಣಿಸಲೆಂದೇ ಹುಟ್ಟಿದ ಯಂತ್ರ, ತೆಪ್ಪಗೆ ಕೂತವನಿಗೆ ಗೆಲುವು ಕೊಡುತ್ತದೆ. ಕ್ಯಾಮೆರಾಗೆ ಇದನ್ನು ಅಳೆಯುವುದೂ ಸಲೀಸು.

ಸುಟ್ಟ ಗಾಯದ ಸುತ್ತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಟೂತ್‌ಪೇಸ್ಟ್, ಶಾಯಿ, ಹಿಟ್ಟು ಯಾವುದನ್ನೂ ಮೆತ್ತದೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಯಾವ ಹುಡುಗ ಪರದೆಯ ಮುಂದೆ 20 ನಿಮಿಷ ಕೈ ಚಾಚಿಕೊಂಡಿರುತ್ತಾನೆ? ಅದನ್ನು 10 ಸೆಕೆಂಡಿಗೆ ಇಳಿಸಿದರೆ ಅವನು ಕಲಿಯುವುದು 10 ಸೆಕೆಂಡನ್ನೇ. ದಾರಿ ಇಲ್ಲದಿಲ್ಲ. ಮೂಲೆಯಲ್ಲಿ ಗಡಿಯಾರ ನಿಜವಾದ ವೇಗದಲ್ಲೇ ಓಡಲಿ, ಅಷ್ಟರಲ್ಲಿ ಬಳೆ ಉಂಗುರ ಬಿಚ್ಚಿಸುವುದು, ಸ್ಟೌ ಆರಿಸುವುದು, ಮುಂದಿನ ಸುತ್ತು ಆಡಿ ಮತ್ತೆ ಇಲ್ಲಿಗೆ ಬರುವುದು ನಡೆಯಲಿ. ನಡುವೆ ನಲ್ಲಿ ನಿಲ್ಲಿಸಿದರೆ ಗಡಿಯಾರವೂ ನಿಂತುಬಿಡಲಿ.

ನೆರೆದ ಜನವೇ ಖಳನಾಯಕ

ನಮ್ಮ ಬೀದಿಯಲ್ಲಿ ಯಾರಾದರೂ ಬಿದ್ದರೆ ನೆರವಿಲ್ಲ ಎಂಬ ಕೊರತೆಗಿಂತ ಸಲಹೆ ಹೆಚ್ಚಾಯಿತು ಎಂಬುದೇ ತೊಂದರೆ. “ನೀರ್ ಕುಡಿಸ್ರೋ!” “ಕೈಗೆ ಕಬ್ಬಿಣ ಕೊಡ್ರೀ!” “ಈರುಳ್ಳಿ ಮೂಸಿಸಿ!” ಮೂರ್ಛೆ ಬಂದವರ ಕೈಗೆ ಬೀಗದಕೈ ತುರುಕುವುದನ್ನು ನೋಡದವರು ಯಾರಿದ್ದಾರೆ? ಮಾಡಬೇಕಾದದ್ದು ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು, ಪಕ್ಕಕ್ಕೆ ಹೊರಳಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡುವುದು. ಹೊರದೇಶದ ಆಟಗಳಲ್ಲಿ ಈ ಗದ್ದಲವಿಲ್ಲ. ಕನ್ನಡದ ಆಟದಲ್ಲಿ ಇದೇ ಮುಖ್ಯ ಎದುರಾಳಿಯಾಗಬೇಕು, ಅದೂ ಆಯಾ ಊರಿನ ಮಾತಿನಲ್ಲಿ.

ಚಲನೆಯ ಕ್ಯಾಮೆರಾ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ‘ಯಾರಾದರೂ ಆಂಬ್ಯುಲೆನ್ಸ್ ಕರೆಯಿರಿ’ ಎಂದು ಗುಂಪಿಗೆ ಕೂಗಿದರೆ ಯಾರೂ ಕರೆಯುವುದಿಲ್ಲ, ಇನ್ನೊಬ್ಬರು ಕರೆದಾರು ಎಂದೇ ಎಲ್ಲರೂ ಭಾವಿಸುತ್ತಾರೆ. ಒಬ್ಬರನ್ನೇ ಬೆರಳು ಮಾಡಿ, “ನೀಲಿ ಅಂಗಿ ಅಣ್ಣಾ, ನೀವು 108ಕ್ಕೆ ಫೋನ್ ಮಾಡಿ, ಬರ್ತಾರಾ ಅಂತ ನನಗೆ ಹೇಳಿ” ಎನ್ನಬೇಕು. ಬೆರಳು ಮಾಡುವ ತೋಳನ್ನು ಗುರುತಿಸುವುದು ಯಂತ್ರಕ್ಕೆ ಎಡಗೈ ಆಟ. ನಾಚಿಕೆ ಸ್ವಭಾವದ ಹುಡುಗಿಯೊಬ್ಬಳು ಅಪರಿಚಿತರ ಗುಂಪಿಗೆ ಕೈ ತೋರಿಸಿ ಗಟ್ಟಿ ದನಿಯಲ್ಲಿ ಆಜ್ಞೆ ಮಾಡುವುದನ್ನು ಆಟದ ನೆಪದಲ್ಲಿ ರೂಢಿ ಮಾಡಿಕೊಂಡರೆ, ಆಳದ ಅಳತೆ ಒಂದು ಸೆಂಟಿಮೀಟರ್ ಆಚೀಚೆ ಆದರೂ ಪರವಾಗಿಲ್ಲ ಎನ್ನುತ್ತೇನೆ.

ಪರದೆಗೆ ಇನ್ನೊಂದು ಅನುಕೂಲವಿದೆ. ತರಬೇತಿಯ ಬೊಂಬೆಗೆ ಸಾಮಾನ್ಯವಾಗಿ ಸಪಾಟು ಎದೆ, ಬಟ್ಟೆಯಿಲ್ಲದ ಮೈ. ಅಮೆರಿಕದ 2018ರ ಅಧ್ಯಯನವೊಂದರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತ ಗಂಡಸರಲ್ಲಿ ಶೇ 45ರಷ್ಟು ಮಂದಿಗೆ ದಾರಿಹೋಕರಿಂದ ಸಿಪಿಆರ್ ಸಿಕ್ಕಿತು, ಹೆಂಗಸರಲ್ಲಿ ಶೇ 39 ಮಂದಿಗೆ ಮಾತ್ರ. ಪರಹೆಂಗಸಿನ ಎದೆ ಮುಟ್ಟುವ ಅಳುಕು ನಮ್ಮಲ್ಲಿ ಅಲ್ಲಿಗಿಂತ ಕಡಿಮೆ ಇರಲಾರದು. ಪರದೆಯ ಮೇಲೆ ಬೀಳುವವರು ಒಮ್ಮೆ ಸೀರೆಯುಟ್ಟ ಅಜ್ಜಿ, ಒಮ್ಮೆ ಚೂಡಿದಾರದ ಕಾಲೇಜು ಹುಡುಗಿ, ಒಮ್ಮೆ ಬುರ್ಖಾ ತೊಟ್ಟ ತಾಯಿ ಆಗಲು ಕಾಸೂ ಖರ್ಚಿಲ್ಲ. ಹತ್ತಾರು ಸಲ ಆಡಿದವನ ಅಳುಕು ಸ್ವಲ್ಪವಾದರೂ ಕರಗೀತು.

ಪೊಲೀಸ್ ಠಾಣೆ, ಕೋರ್ಟು ಎಂಬ ಭಯಕ್ಕೆ ಕಾನೂನು ಉತ್ತರ ಕೊಟ್ಟಾಗಿದೆ. ಸುಪ್ರೀಂ ಕೋರ್ಟ್ 2016ರ ಮಾರ್ಚಿನಲ್ಲಿ ಅಪಘಾತದಲ್ಲಿ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಬಲ ತುಂಬಿತು. ಕರ್ನಾಟಕ ಅದಕ್ಕಾಗಿ ತನ್ನದೇ ಕಾಯ್ದೆ ತಂದಿತು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲೂ ಈ ರಕ್ಷಣೆ ಸೇರಿದೆ. ಆಟದ ಒಂದು ಪಾತ್ರ ‘ನಮಗ್ಯಾಕಪ್ಪಾ ಕೇಸು’ ಎಂದಾಗ ಇದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಅಸಹಜ ಏರಿಕೆಯೇನೂ ಇಲ್ಲ ಎಂದು ತಜ್ಞರ ಸಮಿತಿ ಆಮೇಲೆ ಹೇಳಿತು. ಪಕ್ಕದಲ್ಲಿದ್ದವರು ಕುಸಿದರೆ ಏನು ಮಾಡಬೇಕು ಎಂದು ಕಲಿಯುವ ಸಾಲು ಮಾತ್ರ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ರೋಗಿ ಏಳದಿದ್ದರೆ

ಆಟ ಎಂದ ಮೇಲೆ ಗೆಲುವು ಇರಲೇಬೇಕಲ್ಲ. ಚೆನ್ನಾಗಿ ಒತ್ತಿದರೆ ರೋಗಿ ಕಣ್ಣು ಬಿಟ್ಟು ಥ್ಯಾಂಕ್ಸ್ ಹೇಳುತ್ತಾನೆ, ಪಟಾಕಿ ಸಿಡಿಯುತ್ತದೆ. ನನಗೆ ಅತ್ಯಂತ ಅಪಾಯಕಾರಿ ಎನಿಸುವ ಸುಳ್ಳು ಇದು. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಸಿಪಿಆರ್ ಕಲಿಕೆ ಕಡ್ಡಾಯ ಮಾಡಿತು, ಚಾಲನಾ ಪರವಾನಗಿಗೂ ಅದನ್ನು ತಳಕು ಹಾಕಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ದಾರಿಹೋಕರ ಸಿಪಿಆರ್ ಸಿಕ್ಕವರು 2001ರಲ್ಲಿ ಶೇ 21ರಷ್ಟಿದ್ದದ್ದು 2010ರ ಹೊತ್ತಿಗೆ ಶೇ 45ರ ಸಮೀಪ ಬಂತು. 30 ದಿನ ಬದುಕುಳಿದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಏರಿತು. ಮೂರು ಪಟ್ಟು, ದೊಡ್ಡ ಸಾಧನೆಯೇ. ಹಾಗಿದ್ದೂ ಹತ್ತರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಪ್ರತಿ ಸಲ ರೋಗಿ ಎದ್ದು ಕೂರುವ ಆಟವಾಡಿ ಬೆಳೆದ ಹುಡುಗ, ಮುಂದೊಂದು ದಿನ ತನ್ನ ತಾತನ ಎದೆ ಒತ್ತಿ ಅವರು ಏಳದೆ ಹೋದರೆ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ಅಂಕ ಸಲ್ಲಬೇಕಾದದ್ದು ಆಟಗಾರ ಮಾಡಿದ ಕೆಲಸಕ್ಕೆ, ರೋಗಿಯ ಹಣೆಬರಹಕ್ಕಲ್ಲ. ಆಂಬ್ಯುಲೆನ್ಸ್ ಬಂದು ಅವರ ಕೈಗೆ ಒಪ್ಪಿಸಿದಲ್ಲಿಗೆ ಸುತ್ತು ಮುಗಿಯಲಿ.

ವಯಸ್ಸಿನ ಪ್ರಶ್ನೆಯೂ ಇದೆ. ಕಾರ್ಡಿಫ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9–10 ವರ್ಷದ ಒಂದು ಮಗುವಿಗೂ ಬೇಕಾದಷ್ಟು ಆಳ ಒತ್ತಲಾಗಲಿಲ್ಲ, 13–14ರವರಲ್ಲಿ ಶೇ 45 ಮಂದಿಗೆ ಸಾಧ್ಯವಾಯಿತು. ಚಿಕ್ಕವರಿಗೆ ಆಳದ ಅಂಕ ಕೊಟ್ಟು ಅಳಿಸುವುದು ಬೇಡ. ಗುರುತಿಸುವುದು, ಕೂಗಿ ಕರೆಯುವುದು, ಫೋನಿನಲ್ಲಿ ವಿಳಾಸ ಹೇಳುವುದು ಅವರ ಸುತ್ತುಗಳು. ಎದೆ ಒತ್ತುವುದು ಎಂಟನೆಯ ತರಗತಿಯಿಂದ ಸಾಕು.

ಸಾಧನದ ವಿಚಾರವಾಗಿ ಒಂದು ಕಹಿ ಪಾಠವಿದೆ. ಕೈನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. ಅದನ್ನೇ ನೆಚ್ಚಿ ಕಟ್ಟಿದ ಪಾಠಗಳೂ ಅದರೊಟ್ಟಿಗೆ ಮೂಲೆ ಸೇರಿದವು. ಈಗ ಆ ವಿಶೇಷ ಕಣ್ಣು ಬೇಕಿಲ್ಲ. ಗೂಗಲ್ 2020ರಲ್ಲಿ ಹೊರತಂದ ಬ್ಲೇಜ್‌ಪೋಸ್ ಸಾಮಾನ್ಯ ಮೊಬೈಲ್ ಕ್ಯಾಮೆರಾದಿಂದಲೇ ದೇಹದ 33 ಬಿಂದುಗಳನ್ನು ಗುರುತಿಸುತ್ತದೆ. ಯೋಗ, ವ್ಯಾಯಾಮಗಳನ್ನೂ ಗಮನದಲ್ಲಿಟ್ಟು ಮಾಡಿದ್ದರಿಂದ ನೆಲಕ್ಕೆ ಬಾಗಿದ ಮೈಯೂ ಅದಕ್ಕೆ ಅಷ್ಟೊಂದು ಅಪರಿಚಿತವಲ್ಲ. ಫೋನನ್ನು ಸ್ಟೂಲಿನ ಮೇಲೆ ಪಕ್ಕದಿಂದ ಕಾಣುವಂತೆ ನಿಲ್ಲಿಸಿದರೆ ಏರಿಳಿತ ಚೆನ್ನಾಗಿ ಸಿಗುತ್ತದೆ. ಲೆಕ್ಕವೆಲ್ಲ ಫೋನಿನಲ್ಲೇ ನಡೆಯಲಿ, ಮಕ್ಕಳ ಚಿತ್ರ ಹೊರಗೆ ಹೋಗದಿರಲಿ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ಹೇಳುತ್ತದೆ.

ಬಸ್ ಕಂಡಕ್ಟರ್ ಲೈಸೆನ್ಸಿಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಕೇಳುವ ನಾವು ಎಸ್ಸೆಸ್ಸೆಲ್ಸಿ ಮುಗಿಸುವ ಹುಡುಗರಿಂದ ಅದನ್ನು ಕೇಳುವುದಿಲ್ಲ. ವಾರಕ್ಕೊಂದು ದೈಹಿಕ ಶಿಕ್ಷಣದ ಪಿರಿಯಡ್, ಶಿಕ್ಷಕರ ಕೈಯಲ್ಲಿರುವ ಒಂದು ಫೋನು, ಬಟ್ಟೆ ತುಂಬಿದ ಚೀಲ, ವರ್ಷಕ್ಕೊಮ್ಮೆ ನಿಜವಾದ ಬೊಂಬೆಯೊಂದಿಗೆ ಬರುವ ತರಬೇತುದಾರ. ಇಷ್ಟಿದ್ದರೆ ಶುರುಮಾಡಬಹುದು. ಬೆಂಗಳೂರಿನಲ್ಲಿ ಆಟ ಕಟ್ಟುವ ಎಂಜಿನಿಯರುಗಳಿಗೆ ಬರವಿಲ್ಲ, ಅವರೊಂದಿಗೆ ಕೂರಬೇಕಾದವರು ವೈದ್ಯರು ಮತ್ತು ಹಳ್ಳಿ ಶಾಲೆಯ ಮೇಷ್ಟ್ರುಗಳು. ಆ ಆಟ ಬರುವವರೆಗೆ ಕಾಯಬೇಡಿ. ನಿಮ್ಮೂರಿನಲ್ಲಿ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬ್ಯುಲೆನ್ಸ್ ಶಿಬಿರ ನಡೆದರೆ ಮನೆಯಿಂದ ಒಬ್ಬರಾದರೂ ಹೋಗಿ ಕಲಿತು ಬನ್ನಿ.